ಶಾಲೆ ಅಚ್ಚು ಹಾಕದ ಪತ್ರಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಬಂದಿವೆ. ಕೆಲವನ್ನು ತಂದೆತಾಯಂದಿರು ಬರೆದಿದ್ದಾರೆ, ಕೆಲವನ್ನು ಮಕ್ಕಳೇ. ವಿಷಯ ಒಂದೇ: ಹೈಸ್ಕೂಲು ಮಕ್ಕಳು ಶಾಲೆಯ ದುಡ್ಡು, ಶಾಲೆಯ ಅನುಮತಿ ಯಾವುದೂ ಇಲ್ಲದೆ ತಾವೇ ಬರೆದು, ಅಚ್ಚು ಹಾಕಿಸಿ ಹಂಚುವ ಪತ್ರಿಕೆ. ಅಲ್ಲಿ ಇದನ್ನು ಅಂಡರ್‌ಗ್ರೌಂಡ್ ಪತ್ರಿಕೆ ಎನ್ನುತ್ತಾರೆ. ಹಾಗೆಂದ ಮಾತ್ರಕ್ಕೆ ಗುಟ್ಟಾಗಿ ನಡೆಸಬೇಕೆಂದೇನೂ ಇಲ್ಲ. ಸಂಪಾದಕರ ಹೆಸರು ಹಾಕಿಕೊಂಡೇ ಬಂದ ಪತ್ರಿಕೆಗಳೂ ಇವೆ.

ಪ್ರಶ್ನೆ: ನನ್ನ ಮಗಳು ಹತ್ತನೇ ತರಗತಿ. ಶಾಲೆಯಲ್ಲಿ ಕೌನ್ಸೆಲರ್ ಭೇಟಿಗೆ ಮಕ್ಕಳು ವಾರಗಟ್ಟಲೆ ಕಾಯಬೇಕಾಗಿದೆ ಎಂದು ಶಾಲಾ ಪತ್ರಿಕೆಗೆ ಲೇಖನ ಬರೆದಿದ್ದಳು. ಪುಟ ಸಿದ್ಧವಾದ ಮೇಲೆ ಪ್ರಿನ್ಸಿಪಾಲರು ಅದನ್ನು ತೆಗೆಸಿದರು. ಈಗ ಅವಳೂ ಮೂವರು ಗೆಳತಿಯರೂ ಸೇರಿ ಸ್ವಂತ ಪತ್ರಿಕೆ ಮಾಡುತ್ತೇವೆ ಅನ್ನುತ್ತಿದ್ದಾರೆ. ನಮ್ಮ ಯಜಮಾನರು "ಓದೋದು ಬಿಟ್ಟು ಊರ ಉಸಾಬರಿ ಯಾಕೆ" ಎಂದು ಬೈದಿದ್ದಾರೆ. ಪ್ರಿನ್ಸಿಪಾಲರಿಗೆ ಹಾಗೆ ತೆಗೆಸುವ ಹಕ್ಕಿದೆಯೇ? ಹೊರಗೆ ಅಚ್ಚು ಹಾಕಿಸಿದರೆ ಶಿಕ್ಷೆ ಕೊಡುತ್ತಾರೆಯೇ? (ಓದುಗರು, ಓಹಾಯೋ)

ಉತ್ತರ: ಶಾಲೆಯ ಪತ್ರಿಕೆಯಿಂದ ತೆಗೆಸುವ ಹಕ್ಕು ಓಹಾಯೋದಲ್ಲಿ ಬಹುಮಟ್ಟಿಗೆ ಅವರಿಗಿದೆ. ಅದೇ ಲೇಖನ ನಿಮ್ಮ ಮಗಳ ಸ್ವಂತ ಪತ್ರಿಕೆಯಲ್ಲಿ ಬಂದರೆ ಅವರ ಕೈ ಅಷ್ಟು ಉದ್ದಕ್ಕೆ ಚಾಚುವುದಿಲ್ಲ. ಒಂದೇ ಬರಹಕ್ಕೆ ಎರಡು ನ್ಯಾಯ ಯಾಕೆ ಎಂಬುದು ಎರಡು ತೀರ್ಪುಗಳನ್ನು ನೋಡಿದರೆ ತಿಳಿಯುತ್ತದೆ.

ಮೊದಲನೆಯದು 1969ರ ಟಿಂಕರ್ ತೀರ್ಪು. ಅಯೋವಾ ರಾಜ್ಯದ ಡೆ ಮೊಯಿನ್ ನಗರದಲ್ಲಿ 1965ರ ಡಿಸೆಂಬರಿನಲ್ಲಿ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. ಮೇರಿ ಬೆತ್ ಟಿಂಕರ್‌ಗೆ ಆಗ 13 ವರ್ಷ. ಶಾಲೆ ಅವರನ್ನು ಸಸ್ಪೆಂಡ್ ಮಾಡಿತು. ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಮಕ್ಕಳ ಪರ ನಿಂತಿತು. ಶಾಲೆಯ ಗೇಟು ದಾಟಿದೊಡನೆ ಮಕ್ಕಳ ವಾಕ್‌ಸ್ವಾತಂತ್ರ್ಯ ಕಳಚಿಬೀಳುವುದಿಲ್ಲ, ಅವರ ಮಾತಿನಿಂದ ಶಾಲೆಯ ಕೆಲಸಕ್ಕೆ ಗಣನೀಯ ಅಡ್ಡಿಯಾದರೆ, ಆಗುವುದೆಂದು ನಂಬಲು ಗಟ್ಟಿ ಆಧಾರವಿದ್ದರೆ, ಅಥವಾ ಇತರರ ಹಕ್ಕಿಗೆ ಧಕ್ಕೆಯಾದರೆ ಮಾತ್ರ ತಡೆಯಬಹುದು ಎಂದಿತು. "ಏನಾದರೂ ಗಲಾಟೆ ಆದೀತು" ಎಂಬ ಬರೀ ಅಂಜಿಕೆ ಸಾಲದು.

ಎರಡನೆಯದು 1988ರ ಹೇಜಲ್‌ವುಡ್ ತೀರ್ಪು. ಮಿಸೌರಿಯ ಸೇಂಟ್ ಲೂಯಿ ಬಳಿಯ ಹೈಸ್ಕೂಲಿನಲ್ಲಿ 1983ರಲ್ಲಿ, ಪತ್ರಿಕೋದ್ಯಮದ ತರಗತಿಯಲ್ಲಿ ತಯಾರಾಗುತ್ತಿದ್ದ ಶಾಲಾ ಪತ್ರಿಕೆಯಿಂದ ಪ್ರಿನ್ಸಿಪಾಲರು ಎರಡು ಪುಟಗಳನ್ನೇ ಕಿತ್ತುಹಾಕಿಸಿದ್ದರು. ಅವರಿಗೆ ಒಗ್ಗದಿದ್ದವು ಎರಡು ಲೇಖನ: ಹದಿಹರೆಯದ ಗರ್ಭಧಾರಣೆಯದು, ತಂದೆತಾಯಿಯ ವಿಚ್ಛೇದನದ್ದು. ಈ ಸಲ 5–3ರಿಂದ ಶಾಲೆ ಗೆದ್ದಿತು. ಪತ್ರಿಕೆ ಪಾಠದ ಭಾಗವಾಗಿದ್ದು, ಶಾಲೆಯ ಹೆಸರಿನಲ್ಲಿ ಬರುತ್ತಿದ್ದರೆ, ಬೋಧನೆಗೆ ಸಂಬಂಧಪಟ್ಟ ನ್ಯಾಯವಾದ ಕಾರಣವಿದ್ದರೆ ಸಾಕು, ಶಾಲೆ ಕತ್ತರಿ ಹಾಕಬಹುದು.

ನಿಮ್ಮ ಮಗಳ ಲೇಖನಕ್ಕೆ ಕತ್ತರಿ ಬಿದ್ದದ್ದು ಈ ಎರಡನೆಯ ತೀರ್ಪಿನ ಬಲದಿಂದ. ಶಾಲೆಯ ಕಾಗದ, ಕಂಪ್ಯೂಟರ್, ತರಗತಿಯ ಸಮಯ ಯಾವುದನ್ನೂ ಮುಟ್ಟದೆ ಹೊರಬರುವ ಪತ್ರಿಕೆ ಟಿಂಕರ್ ತೀರ್ಪಿನ ಕೆಳಗೆ ಬರುತ್ತದೆ. ಹೇಜಲ್‌ವುಡ್ ತೀರ್ಪು ಬಂದ ವರ್ಷವೇ ಇದು ಪರೀಕ್ಷೆಗೆ ಬಂತು. ವಾಷಿಂಗ್ಟನ್ ರಾಜ್ಯದ ರೆಂಟನ್‌ನಲ್ಲಿ ಐವರು ವಿದ್ಯಾರ್ಥಿಗಳು 1983ರಲ್ಲಿ 'ಬ್ಯಾಡ್ ಆಸ್ಟ್ರಾ' ಎಂಬ ನಾಲ್ಕು ಪುಟದ ಪತ್ರಿಕೆಯ ಸುಮಾರು 350 ಪ್ರತಿಗಳನ್ನು ಶಾಲೆಯ ಆವರಣದಲ್ಲೇ, ಹಿರಿಯ ತರಗತಿಯವರ ಊಟದ ಕೂಟದಲ್ಲಿ ಹಂಚಿದ್ದರು. ಮುಂಚಿತವಾಗಿ ತೋರಿಸಲಿಲ್ಲವೆಂದು ಶಾಲೆ ಅವರ ದಾಖಲೆಯಲ್ಲಿ ಛೀಮಾರಿ ಬರೆಯಿತು. ಮೇಲ್ಮನವಿ ನ್ಯಾಯಾಲಯ 1988ರಲ್ಲಿ ಆ ಪೂರ್ವಪರಿಶೀಲನೆಯ ನಿಯಮವೇ ಸಂವಿಧಾನಬಾಹಿರ ಎಂದಿತು.

ನಿಮ್ಮ ಯಜಮಾನರಿಗೆ ನಮ್ಮದೊಂದು ಮಾತು. ಕೌನ್ಸೆಲರ್ ಸಿಗದೆ ಮಕ್ಕಳು ಕಾಯುತ್ತಿರುವುದು ಊರ ಉಸಾಬರಿಯಲ್ಲ, ನಿಮ್ಮ ಮಗಳು ದಿನವೂ ಹೋಗುವ ಶಾಲೆಯ ವಿಚಾರ. ಅವಳು ಹೇಗಿದ್ದರೂ ಪತ್ರಿಕೆ ತರುತ್ತಾಳೆ. ಮನೆಯವರು ಬೆನ್ನಿಗಿದ್ದರೆ ಕರಡು ಓದಲು ಹಿರಿಯರೊಬ್ಬರು ಸಿಕ್ಕಂತಾಯಿತು. ಬೈದು ಸುಮ್ಮನಾಗಿಸಿದರೆ ರಾತ್ರೋರಾತ್ರಿ, ಯಾರೂ ಪರಿಶೀಲಿಸದ ಪತ್ರಿಕೆ ಬರುತ್ತದೆ. ಅಪಾಯ ಇರುವುದು ಅದರಲ್ಲಿ.

ಪ್ರಶ್ನೆ: ನಾವಿರುವ ರಾಜ್ಯದಲ್ಲಿ ಶಾಲಾ ಪತ್ರಿಕೆಗೇ ಹೆಚ್ಚು ಸ್ವಾತಂತ್ರ್ಯವಿದೆ ಎಂದು ಕೇಳಿದ್ದೇವೆ. ನಿಜವೇ? (ಓದುಗರು, ನ್ಯೂಜೆರ್ಸಿ)

ಉತ್ತರ: ನಿಜ. ಹೇಜಲ್‌ವುಡ್ ತೀರ್ಪು ಶಾಲೆಗೆ ಕೊಟ್ಟ ಅಧಿಕಾರವನ್ನು ರಾಜ್ಯವೊಂದು ತನ್ನ ಕಾನೂನಿನಿಂದ ಮೊಟಕು ಮಾಡಬಹುದು. ಕ್ಯಾಲಿಫೋರ್ನಿಯಾದಲ್ಲಿ 1977ರಿಂದಲೇ ಅಂಥ ಕಾನೂನಿದೆ. ಹೇಜಲ್‌ವುಡ್ ಬಂದ ಮೇಲೆ ಮ್ಯಾಸಚೂಸೆಟ್ಸ್, ಅಯೋವಾ, ಕೊಲರಾಡೊ, ಕಾನ್ಸಾಸ್, ಅರ್ಕನ್ಸಾ ಒಂದೊಂದಾಗಿ ಕಾನೂನು ಮಾಡಿದವು. 2015ರಲ್ಲಿ ನಾರ್ತ್ ಡಕೋಟ ಶುರುಮಾಡಿದ ಹೊಸ ಅಲೆಯಲ್ಲಿ ಇಲಿನಾಯ್, ಮೇರಿಲ್ಯಾಂಡ್, ವಾಷಿಂಗ್ಟನ್, 2021ರ ಕೊನೆಯಲ್ಲಿ ನಿಮ್ಮ ನ್ಯೂಜೆರ್ಸಿ ಸೇರಿಕೊಂಡವು. ಈಗ ಹದಿನೈದಕ್ಕೂ ಹೆಚ್ಚು ರಾಜ್ಯಗಳಲ್ಲಿ ಇದೆ. ಟೆಕ್ಸಸ್, ಓಹಾಯೋಗಳಲ್ಲಿ ಇಲ್ಲ.

ಇಂಥ ರಾಜ್ಯಗಳಲ್ಲಿ ಮಾನಹಾನಿ, ಅಶ್ಲೀಲ, ಖಾಸಗಿತನದ ಉಲ್ಲಂಘನೆ, ಗಲಾಟೆಗೆ ಪ್ರಚೋದನೆ ಮುಂತಾದ ಬರಹವನ್ನಷ್ಟೇ ತಡೆಯಬಹುದು. "ಶಾಲೆಗೆ ಕೆಟ್ಟ ಹೆಸರು" ಎಂಬುದು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಿಮ್ಮ ಮಕ್ಕಳು ಹೊರಗಿನ ಪತ್ರಿಕೆಗೆ ಕೈಹಾಕುವ ಮೊದಲು, ಯಾವ ಕಾರಣಕ್ಕೆ ಲೇಖನ ತೆಗೆದಿರಿ ಎಂದು ಲಿಖಿತವಾಗಿ ಕೇಳಲಿ. ಎಷ್ಟೋ ಸಲ ಆ ಒಂದು ಪತ್ರಕ್ಕೇ ಲೇಖನ ವಾಪಸ್ ಬರುತ್ತದೆ.

ಖಾಸಗಿ ಶಾಲೆಯಾದರೆ ಲೆಕ್ಕ ಬೇರೆ. ವಾಕ್‌ಸ್ವಾತಂತ್ರ್ಯವನ್ನು ಕಾಯುವ, ಸಂವಿಧಾನದ ಮೊದಲ ತಿದ್ದುಪಡಿ ಸರಕಾರವನ್ನು ಕಟ್ಟಿಹಾಕುತ್ತದೆಯೇ ಹೊರತು ಖಾಸಗಿ ಸಂಸ್ಥೆಯನ್ನಲ್ಲ. ಅಲ್ಲಿ ಪ್ರವೇಶದ ವೇಳೆ ಸಹಿ ಹಾಕಿದ ಕೈಪಿಡಿಯೇ ಕಾನೂನು. ಕ್ಯಾಲಿಫೋರ್ನಿಯಾ ಇದಕ್ಕೊಂದು ಅಪವಾದ: ಧಾರ್ಮಿಕ ಸಂಸ್ಥೆಗಳು ನಡೆಸುವುದಲ್ಲದ ಖಾಸಗಿ ಹೈಸ್ಕೂಲುಗಳಿಗೂ ಅಲ್ಲಿ ವಾಕ್‌ಸ್ವಾತಂತ್ರ್ಯದ ಕಾನೂನು ಅನ್ವಯಿಸುತ್ತದೆ.

ಪ್ರಶ್ನೆ: ನಾವು ಆರು ಜನ ಇದ್ದೇವೆ. ನಾಲ್ಕು ಪುಟದ ಪತ್ರಿಕೆ ತರಬೇಕೆಂದಿದ್ದೇವೆ. ಪುಟ ಕಟ್ಟುವುದು, ಪ್ರಿಂಟ್ ಮಾಡಿಸುವುದು, ಹಂಚುವುದು ಹೇಗೆ? ಯಾವುದಕ್ಕೂ ಶಾಲೆಯ ವಸ್ತು ಬಳಸಬಾರದು ಅನ್ನುತ್ತಾರೆ, ಲ್ಯಾಪ್‌ಟಾಪ್ ಕೂಡವೇ? (ವಿದ್ಯಾರ್ಥಿ, ವಾಷಿಂಗ್ಟನ್)

ಉತ್ತರ: ಲ್ಯಾಪ್‌ಟಾಪ್ ಕೂಡ. ಶಾಲೆ ಕೊಟ್ಟ ಕ್ರೋಮ್‌ಬುಕ್, ಶಾಲೆಯ ಇಮೇಲ್, ಶಾಲೆಯ ಗೂಗಲ್ ಖಾತೆ, ಶಾಲೆಯ ವೈಫೈ ನಾಲ್ಕನ್ನೂ ಬಿಡಿ. ಶಾಲೆಯ ಖಾತೆಯಲ್ಲಿ ತೆರೆದ ಡಾಕ್ಯುಮೆಂಟ್ ಶಾಲೆಯ ಅಡ್ಮಿನಿಸ್ಟ್ರೇಟರ್ ಕೈಗೆ ಸಿಗುತ್ತದೆ. ಯಾರು ಯಾವ ಸಾಲು ಎಷ್ಟು ಗಂಟೆಗೆ ಬರೆದರು, ಏನು ಅಳಿಸಿದರು ಎಂಬ ಚರಿತ್ರೆಯೂ ಅದರಲ್ಲೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ಸಾಮಗ್ರಿ ಬಳಸಿದ್ದೀರಿ ಎಂಬ ವಾದಕ್ಕೆ ದಾರಿಯಾಗುತ್ತದೆ. ನ್ಯೂಯಾರ್ಕ್ ರಾಜ್ಯದ ಗ್ರ್ಯಾನ್‌ವಿಲ್‌ನಲ್ಲಿ ಹೊರಗೆ ಅಚ್ಚಾಗಿ ಅಂಗಡಿಯೊಂದರಲ್ಲಿ ಮಾರಾಟವಾದ 'ಹಾರ್ಡ್ ಟೈಮ್ಸ್' ಪತ್ರಿಕೆಯ ಮೊಕದ್ದಮೆಯಲ್ಲಿ, ಒಂದೆರಡು ಲೇಖನ ಶಾಲೆಯಲ್ಲಿ ಟೈಪಾಗಿದ್ದು, ಪ್ರತಿಗಳನ್ನು ಶಾಲೆಯ ಬೀರುವಿನಲ್ಲಿಟ್ಟದ್ದು ಕೂಡ ಪ್ರಸ್ತಾಪಕ್ಕೆ ಬಂತು. 1979ರಲ್ಲಿ ಕೋರ್ಟ್ ಅದನ್ನು ಕ್ಷುಲ್ಲಕವೆಂದು ಬದಿಗಿಟ್ಟು ಮಕ್ಕಳ ಪರ ತೀರ್ಪು ಕೊಟ್ಟಿತು. ಆದರೆ ಆ ಎಳೆಯನ್ನು ಎದುರಾಳಿಗೆ ನೀವಾಗಿ ಕೊಡಬೇಕಾಗಿಲ್ಲ.

ಇನ್ನು ಪುಟದ ಲೆಕ್ಕ. 11×17 ಇಂಚಿನ ಒಂದು ಹಾಳೆಯನ್ನು ನಡುವೆ ಮಡಚಿದರೆ ಲೆಟರ್ ಅಳತೆಯ ನಾಲ್ಕು ಪುಟ. ಹೊರಮೈಯಲ್ಲಿ ಎಡಕ್ಕೆ 4, ಬಲಕ್ಕೆ 1. ಒಳಮೈಯಲ್ಲಿ 2, 3. ಎಂಟು ಪುಟ ಬೇಕಾದರೆ ಎರಡು ಹಾಳೆ: ಮೊದಲನೆಯದರ ಹೊರಗೆ 8–1, ಒಳಗೆ 2–7, ಎರಡನೆಯದರ ಹೊರಗೆ 6–3, ಒಳಗೆ 4–5. ಎರಡೂ ಬದಿ ಪ್ರಿಂಟ್ ಕೊಡುವಾಗ ಹಾಳೆಯನ್ನು ಗಿಡ್ಡ ಅಂಚಿನ ಮೇಲೆ ಮಗುಚುವ ಆಯ್ಕೆ ಕೊಡಬೇಕು. ಉದ್ದ ಅಂಚು ಕೊಟ್ಟರೆ ಒಳಪುಟಗಳು ತಲೆಕೆಳಗಾಗಿ ಬರುತ್ತವೆ. ಮೊದಲ ಸಂಚಿಕೆಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಒಂದೇ ಒಂದು ಪ್ರತಿ ತೆಗೆದು, ಮಡಚಿ, ಪುಟ ತಿರುಗಿಸಿ ನೋಡಿದ ಮೇಲೆ ಉಳಿದದ್ದಕ್ಕೆ ಕೊಡಿ.

ಸುತ್ತ ಅರ್ಧ ಇಂಚು ಅಂಚು ಬಿಡಿ, ಪ್ರಿಂಟರ್‌ಗಳು ಕಾಗದದ ತುದಿಯವರೆಗೆ ಮಸಿ ಹಾಕುವುದಿಲ್ಲ. ಅಕ್ಷರ 10 ಪಾಯಿಂಟ್, ಎರಡು ಕಾಲಂ. ಶೀರ್ಷಿಕೆ, ಒಂದು ಚಿತ್ರ ಕಳೆದು ಪುಟಕ್ಕೆ ಸುಮಾರು 600 ಇಂಗ್ಲಿಷ್ ಪದ ಹಿಡಿಸುತ್ತದೆ, ಅಂದರೆ ನಾಲ್ಕು ಪುಟಕ್ಕೆ 2,400. ಫೋಟೊ ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ ಇರಲಿ, ಕಪ್ಪು-ಬಿಳುಪಿಗೆ ನೀವೇ ಬದಲಿಸಿ ತುಸು ತಿಳಿಮಾಡಿ. ಹಾಗೇ ಕೊಟ್ಟರೆ ಮುಖಗಳು ಕಪ್ಪು ಮುದ್ದೆಯಾಗುತ್ತವೆ. ಪೂರ್ತಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಪರದೆಯ ಮೇಲೆ ಚೆನ್ನ, ಕಾಗದದಲ್ಲಿ ಮಡಿಕೆಯಲ್ಲಿ ಟೋನರ್ ಉದುರುತ್ತದೆ. ಫೈಲನ್ನು ಪಿಡಿಎಫ್ ಮಾಡಿ, ಫಾಂಟ್‌ಗಳನ್ನು ಅದರೊಳಗೇ ಸೇರಿಸಿ ಕೊಡಿ, ಇಲ್ಲದಿದ್ದರೆ ಅಂಗಡಿಯ ಕಂಪ್ಯೂಟರ್ ತನ್ನಲ್ಲಿರುವ ಬೇರೆ ಅಕ್ಷರ ಹಾಕಿ ಸಾಲುಗಳನ್ನೆಲ್ಲ ಕದಲಿಸುತ್ತದೆ. 300 ಪ್ರತಿ ಎಂದರೆ 300 ಹಾಳೆ, ಒಂದು ರೀಮ್‌ನಲ್ಲಿ 500 ಇರುತ್ತದೆ. ಮೊದಲ ಸಂಚಿಕೆಗೆ 300 ಸಾಕು. ಇಂಥ ಪತ್ರಿಕೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ.

ಮುಖಪುಟದಲ್ಲೇ, ಪತ್ರಿಕೆಯ ಹೆಸರಿನ ಕೆಳಗೆ, ಇದು ಶಾಲೆಯ ಪ್ರಕಟಣೆಯಲ್ಲ, ಶಾಲೆಯ ಹಣ ಅಥವಾ ಸಾಮಗ್ರಿ ಬಳಸಿಲ್ಲ ಎಂಬ ಒಂದು ಸಾಲು ಹಾಕಿ. ಶಾಲೆಯ ಲಾಂಛನ, ಮ್ಯಾಸ್ಕಾಟ್ ಬೇಡ. ಅಂತರ್ಜಾಲದಿಂದ ಎತ್ತಿದ ಕಾರ್ಟೂನ್ ಬೇಡ, ನಿಮ್ಮಲ್ಲೇ ಚಿತ್ರ ಬರೆಯುವವರು ಇರುತ್ತಾರೆ. ಪ್ರತಿಕ್ರಿಯೆಗೊಂದು ಇಮೇಲ್, ತಪ್ಪೊಪ್ಪಿಗೆಗೆ ಕೊನೆಯ ಪುಟದಲ್ಲಿ ಒಂದು ಖಾಯಂ ಮೂಲೆ ಇರಲಿ.

ಹಂಚಿಕೆಯ ಬಗ್ಗೆ: ಶಾಲೆಯ ಮುಂದಿನ ಸಾರ್ವಜನಿಕ ಕಾಲುದಾರಿ ಎಲ್ಲಕ್ಕಿಂತ ಭದ್ರ ಜಾಗ. ಬಸ್ಸಿನಿಂದ ಇಳಿಯುವ ಹೊತ್ತು, ಮೊದಲ ಗಂಟೆಗೆ 15 ನಿಮಿಷ ಮುಂಚೆ ಮುಗಿಸಿಬಿಡಿ. ಆವರಣದೊಳಗೂ ಹಂಚುವ ಹಕ್ಕಿದೆ, ಆದರೆ ಎಲ್ಲಿ, ಯಾವಾಗ, ಹೇಗೆ ಎಂದು ನಿಯಮ ಮಾಡುವ ಹಕ್ಕು ಶಾಲೆಗೂ ಇದೆ. ಆ ನಿಯಮ ಎಲ್ಲ ಕರಪತ್ರಗಳಿಗೂ ಒಂದೇ ಆಗಿರಬೇಕು, ನಿಮಗೆ ಮಾತ್ರ ಅಲ್ಲ. ತರಗತಿ ನಡೆಯುವಾಗ, ಓಡಾಡುವ ಹಾದಿಗೆ ಅಡ್ಡ ನಿಂತು ಹಂಚಬೇಡಿ. ಲಾಕರ್‌ಗಳಿಗೆ ತುರುಕಬೇಡಿ. ಒಬ್ಬೊಬ್ಬರ ಕೈಯಲ್ಲಿ 25ರ ಕಟ್ಟು ಇರಲಿ, ಎಲ್ಲವೂ ಒಬ್ಬರ ಬಳಿಯಿದ್ದು ಕಿತ್ತುಕೊಂಡರೆ ಸಂಚಿಕೆಯೇ ಹೋಯಿತು. ಕೊನೆಗೆ, ನೆಲಕ್ಕೆ ಬಿದ್ದ ಪ್ರತಿಗಳನ್ನು ನೀವೇ ಹೆಕ್ಕಿ. ಬರಹದಲ್ಲಿ ತಪ್ಪು ಸಿಗದಾಗ "ಕಸ ಮಾಡಿದರು" ಎಂಬುದು ಸುಲಭದ ದೂರು. ದುಡ್ಡಿಗೆ ಮಾರಿದರೆ ಆವರಣದೊಳಗಿನ ಮಾರಾಟದ ನಿಯಮ ಅಡ್ಡ ಬರುತ್ತದೆ, ಪುಕ್ಕಟೆ ಕೊಡುವುದೇ ಲೇಸು.

ಪ್ರಶ್ನೆ: ಹಂಚುವ ಮೊದಲು ತನಗೆ ತೋರಿಸಿ ಒಪ್ಪಿಗೆ ಪಡೆಯಬೇಕೆಂದು ಪ್ರಿನ್ಸಿಪಾಲರು ಹೇಳುತ್ತಿದ್ದಾರೆ. ಕೇಳಬೇಕೇ? (ಓದುಗರು, ಟೆಕ್ಸಸ್)

ಉತ್ತರ: ನೀವು ಯಾವ ರಾಜ್ಯದಲ್ಲಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಇದನ್ನು ಸುಪ್ರೀಂ ಕೋರ್ಟ್ ನೇರವಾಗಿ ತೀರ್ಮಾನಿಸಿಲ್ಲ, ಕೆಲವು ರಾಜ್ಯಗಳು ಸೇರಿದ ಒಂದೊಂದು ವಲಯಕ್ಕೆ ಒಂದರಂತಿರುವ ಮೇಲ್ಮನವಿ ನ್ಯಾಯಾಲಯಗಳು ಬೇರೆ ಬೇರೆ ದಾರಿ ಹಿಡಿದಿವೆ. ಇಲಿನಾಯ್, ಇಂಡಿಯಾನಾ, ವಿಸ್ಕಾನ್ಸಿನ್‌ಗಳನ್ನು ಒಳಗೊಂಡ ವಲಯದಲ್ಲಿ, ಷಿಕಾಗೋದ 'ಕಾಸ್ಮಿಕ್ ಫ್ರಾಗ್' ಪತ್ರಿಕೆಯ ಮೊಕದ್ದಮೆಯಲ್ಲಿ 1972ರಲ್ಲೇ ಪೂರ್ವಾನುಮತಿಯ ನಿಯಮ ಬಿದ್ದುಹೋಯಿತು. ಪಶ್ಚಿಮ ಕರಾವಳಿಯ ವಲಯದಲ್ಲಿ ಮೇಲೆ ಹೇಳಿದ ರೆಂಟನ್ ತೀರ್ಪಿದೆ. ಮಿನ್ನೆಸೋಟ ಸೇರಿರುವ ವಲಯದಲ್ಲಿ 1987ರ ತೀರ್ಪು ಇದಕ್ಕೆ ತದ್ವಿರುದ್ಧ: ಆವರಣದೊಳಗೆ ಹಂಚುವ ಪತ್ರಿಕೆಯನ್ನು ಮುಂಚಿತವಾಗಿ ನೋಡುವ ನಿಯಮವನ್ನು ಬಹುಪಾಲು ಎತ್ತಿಹಿಡಿಯಿತು.

ಟೆಕ್ಸಸ್‌ಗೆ ಅನ್ವಯಿಸುವುದು 1972ರ ಶಾನ್ಲಿ ತೀರ್ಪು. ಸ್ಯಾನ್ ಆಂಟೋನಿಯೋದ ಐವರು ವಿದ್ಯಾರ್ಥಿಗಳು 'ಅವೇಕನಿಂಗ್' ಎಂಬ ಪತ್ರಿಕೆಯನ್ನು ಶಾಲೆಯ ಹತ್ತಿರ, ಆದರೆ ಆವರಣದ ಹೊರಗೆ, ಶಾಲಾ ಸಮಯದ ಆಚೆ ಹಂಚಿ ಸಸ್ಪೆಂಡ್ ಆಗಿದ್ದರು. ಕೋರ್ಟ್ ಶಿಕ್ಷೆಯನ್ನು ತಳ್ಳಿಹಾಕಿತು. ಆವರಣದೊಳಗೆ ಹಂಚುವುದಕ್ಕೆ ಮೊದಲು ತೋರಿಸಿ ಎನ್ನುವುದೇ ತಪ್ಪಲ್ಲ, ಆದರೆ ಯಾವ ಅಳತೆಗೋಲಿನಿಂದ ನಿರಾಕರಿಸುತ್ತೀರಿ, ಎಷ್ಟು ಬೇಗ ಉತ್ತರ ಕೊಡುತ್ತೀರಿ, ಮೇಲ್ಮನವಿ ಯಾರಿಗೆ ಎಂಬುದು ನಿಯಮದಲ್ಲಿ ಸ್ಪಷ್ಟವಿರಬೇಕು ಎಂದಿತು.

ಹಾಗಾಗಿ ಪ್ರಿನ್ಸಿಪಾಲರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ: ಈ ಕುರಿತ ಲಿಖಿತ ನಿಯಮದ ಪ್ರತಿ ಬೇಕು, ಉತ್ತರ ಎಷ್ಟು ದಿನದಲ್ಲಿ ಸಿಗುತ್ತದೆ ತಿಳಿಸಿ. ಲಿಖಿತ ನಿಯಮವೇ ಇಲ್ಲದಿದ್ದರೆ ಅಥವಾ ಗಡುವೇ ಇಲ್ಲದಿದ್ದರೆ ಅವರ ನೆಲ ಸಡಿಲ. ನಿಯಮ ಸರಿಯಾಗಿದ್ದರೆ, ತೋರಿಸಿ ಆವರಣದೊಳಗೆ ಹಂಚುವುದೋ, ತೋರಿಸದೆ ಹೊರಗಿನ ಕಾಲುದಾರಿಯಲ್ಲಿ ಹಂಚುವುದೋ ನಿಮ್ಮ ಆಯ್ಕೆ. ನಮ್ಮನ್ನು ಕೇಳಿದರೆ ಕಾಲುದಾರಿ. ಒಂದು ಸಲ ತೋರಿಸಿದರೆ ಪ್ರತಿ ಸಂಚಿಕೆಗೂ ಕಾಯುವುದೇ ಕೆಲಸವಾಗುತ್ತದೆ, ಸುದ್ದಿ ಹಳಸುತ್ತದೆ.

ಪ್ರಶ್ನೆ: ಹೊರಗಿನ ಪತ್ರಿಕೆಯಾದರೆ ಏನು ಬೇಕಾದರೂ ಬರೆಯಬಹುದೇ? ಮಗನ ಗುಂಪಿನವರು ಒಬ್ಬ ಮೇಷ್ಟ್ರ ಬಗ್ಗೆ ಬರೆಯಲು ಹೊರಟಿದ್ದಾರೆ. (ಓದುಗರು, ವಿಸ್ಕಾನ್ಸಿನ್)

ಉತ್ತರ: ಖಂಡಿತ ಇಲ್ಲ. ನಿಮ್ಮ ರಾಜ್ಯದ ಗ್ರೀನ್‌ಫೀಲ್ಡ್‌ನಲ್ಲೇ ಇದಕ್ಕೆ ಉದಾಹರಣೆಯಿದೆ. 'ದಿ ಲಾಸ್ಟ್' ಎಂಬ ಪತ್ರಿಕೆಯಲ್ಲಿ ವಿದ್ಯಾರ್ಥಿಯೊಬ್ಬ ಶಾಲೆಯ ಕಂಪ್ಯೂಟರ್‌ಗಳಿಗೆ ನುಗ್ಗುವುದು ಹೇಗೆಂದು ಹಂತಹಂತವಾಗಿ ಬರೆದ. ಸುಳ್ಳು ಹೆಸರು ಹಾಕಿದ್ದ, ಆದರೂ ಗೊತ್ತಾಯಿತು. ಒಂದು ವರ್ಷ ಹೊರಹಾಕಿದರು. ಶಿಕ್ಷೆಗೆ ಸಿಕ್ಕ ತಾತ್ಕಾಲಿಕ ತಡೆಯನ್ನು ಮೇಲ್ಮನವಿ ನ್ಯಾಯಾಲಯ 1998ರಲ್ಲಿ ತೆರವು ಮಾಡಿತು. ಶಾಲೆಯನ್ನು ಟೀಕಿಸಿದ್ದಕ್ಕೆ ಅಲ್ಲ, ಶಾಲೆಯ ವ್ಯವಸ್ಥೆ ಕೆಡಿಸುವ ವಿಧಾನ ಹೇಳಿಕೊಟ್ಟದ್ದಕ್ಕೆ. ಇದೇ ವಲಯದಲ್ಲಿ 1970ರಲ್ಲಿ, ಶಾಲೆ ಕೊಡುವ ಪ್ರಚಾರಸಾಹಿತ್ಯ ತೆಗೆದುಕೊಳ್ಳಬೇಡಿ ಎಂದು ಖಾರವಾಗಿ ಬರೆದ 'ಗ್ರಾಸ್ ಹೈ' ಪತ್ರಿಕೆಯ ಮಕ್ಕಳು ಗೆದ್ದಿದ್ದರು. ಅವರು ಮಾರಿದ್ದು 60 ಪ್ರತಿ, ಬೆಲೆ 15 ಸೆಂಟ್. ಈ ಎರಡರ ನಡುವಿನ ಅಂತರವನ್ನು ಮಗನ ಗುಂಪಿಗೆ ವಿವರಿಸಿ. ಬೆದರಿಕೆಯಂತೆ ಕಾಣುವ ಒಂದು ವಾಕ್ಯ, ತಮಾಷೆಗೇ ಆದರೂ, ಪತ್ರಿಕೆಯಲ್ಲಿ ಇರಕೂಡದು. ಅದಕ್ಕೆ ಶಾಲೆಯಷ್ಟೇ ಅಲ್ಲ, ಪೊಲೀಸರೂ ಬರುತ್ತಾರೆ. ಮಾದಕ ವಸ್ತುವಿಗೆ ಪ್ರೋತ್ಸಾಹವೆಂದು ಕಾಣುವ ಮಾತನ್ನು ಶಾಲೆ ತಡೆಯಬಹುದೆಂದು 2007ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಮೇಷ್ಟ್ರ ವಿಚಾರ. ಮಾನಹಾನಿಗೆ ಬೇಕಾದದ್ದು ಸುಳ್ಳಾದ ಒಂದು ಸಂಗತಿ, ಅದು ಇಂಥವರದ್ದೆಂದು ಗುರುತು ಸಿಗುವಂತಿರುವುದು, ಬರೆದವರ ಕಡೆಯ ಅಜಾಗ್ರತೆ, ಅವರ ಹೆಸರಿಗೆ ಆದ ಹಾನಿ. ಹೆಸರು ಬರೆಯಲಿಲ್ಲ ಎಂದರೆ ಪಾರಾಗುವುದಿಲ್ಲ. "ಎರಡನೇ ಮಹಡಿಯ ರಸಾಯನಶಾಸ್ತ್ರದ ಮೇಷ್ಟ್ರು" ಎಂದರೆ ಶಾಲೆಗೆಲ್ಲ ಗೊತ್ತು. "ಮನೆಪಾಠಕ್ಕೆ ಬಂದವರಿಗೆ ಹೆಚ್ಚು ಅಂಕ ಕೊಡುತ್ತಾರೆ" ಎಂಬುದು ಸಂಗತಿ, ಸಾಕ್ಷಿ ಬೇಕು. "ಅಂಕ ಕೊಡುವ ಕ್ರಮ ನ್ಯಾಯವಾಗಿಲ್ಲ ಎಂದು ನಮಗನ್ನಿಸುತ್ತದೆ, ಕಾರಣ ಇವು" ಎಂಬುದು ಅಭಿಪ್ರಾಯ, ಮುಂದಿಡುವ ಕಾರಣಗಳು ನಿಜವಾಗಿದ್ದರೆ ಸಾಕು.

ಪರಿಶೀಲನೆಗೆ ಪತ್ರಿಕಾ ಕಚೇರಿಗಳಲ್ಲಿ ನಡೆದುಬಂದ ಒಂದು ಕ್ರಮವಿದೆ, ಮಕ್ಕಳಿಗೂ ಒಗ್ಗುತ್ತದೆ. ಕರಡನ್ನು ಕಾಗದದ ಮೇಲೆ ತೆಗೆಯಿರಿ. ಬರೆದವರಲ್ಲದ ಇನ್ನೊಬ್ಬರು ಪ್ರತಿ ಹೆಸರು, ಅಂಕಿ, ದಿನಾಂಕ, ಆರೋಪದ ಕೆಳಗೆ ಗೆರೆ ಎಳೆಯಲಿ. ಪ್ರತಿ ಗೆರೆಯ ಎದುರು ಅಂಚಿನಲ್ಲಿ ಎಲ್ಲಿಂದ ಗೊತ್ತಾಯಿತು ಎಂದು ಬರೆಯಲಿ: ಶಾಲಾ ಮಂಡಳಿಯ ಸಭೆಯ ನಡಾವಳಿ, ಇಂಥವರ ಸಂದರ್ಶನ, ಇಂಥ ದಿನದ ಇಮೇಲ್. ಅಂಚು ಖಾಲಿ ಉಳಿದ ವಾಕ್ಯ ಹೋಗಬೇಕು. ಯಾರ ಮೇಲೆ ಬರೆದಿದ್ದೀರೋ ಅವರಿಗೆ ನಿರ್ದಿಷ್ಟ ಪ್ರಶ್ನೆಗಳನ್ನು ಇಮೇಲ್ ಮಾಡಿ 48 ಗಂಟೆ ಕೊಡಿ. ಉತ್ತರ ಬಂದರೆ ಹಾಕಿ, ಬರದಿದ್ದರೆ ಕೇಳಿದೆವು, ಉತ್ತರ ಬರಲಿಲ್ಲ ಎಂದು ಹಾಕಿ. ಈ ಅಂಚಿನ ಟಿಪ್ಪಣಿಯಿರುವ ಕರಡನ್ನು ಜೋಪಾನ ಮಾಡಿ. ನಾಳೆ ಯಾರಾದರೂ ಪ್ರಶ್ನಿಸಿದರೆ ನಿಮ್ಮ ಕೈಯಲ್ಲಿರುವ ಆಧಾರ ಅದೇ.

ಸಹಪಾಠಿಗಳ ಕಾಯಿಲೆ, ಮನೆಯ ಜಗಳ, ಪ್ರೇಮ ಪ್ರಸಂಗ ಬರೆಯುವ ಪತ್ರಿಕೆಯನ್ನು ನಾವು ಬೆಂಬಲಿಸುವುದಿಲ್ಲ. ಅಧಿಕಾರ ಇರುವವರನ್ನು ಪ್ರಶ್ನಿಸುವುದಕ್ಕೆ ಈ ಹಕ್ಕು, ಪಕ್ಕದ ಬೆಂಚಿನವರನ್ನು ಅಳಿಸುವುದಕ್ಕಲ್ಲ.

ಪ್ರಶ್ನೆ: ಹೆಸರು ಹಾಕದೆ ಬರೆಯಬಹುದೇ? ಎಷ್ಟರಮಟ್ಟಿಗೆ ಗುಟ್ಟು ಉಳಿಯುತ್ತದೆ? (ವಿದ್ಯಾರ್ಥಿನಿ, ಕ್ಯಾಲಿಫೋರ್ನಿಯಾ)

ಉತ್ತರ: ಅನಾಮಿಕವಾಗಿ ಬರೆಯುವುದನ್ನು ಮೊದಲ ತಿದ್ದುಪಡಿ ಕಾಪಾಡುತ್ತದೆ, ಹೆಸರಿಲ್ಲದ ಕರಪತ್ರದ ಬಗ್ಗೆ 1995ರ ಮ್ಯಾಕಿಂಟೈರ್ ತೀರ್ಪಿದೆ. ಆದರೆ ವ್ಯವಹಾರದಲ್ಲಿ ಗುಟ್ಟು ಬಹಳ ದಿನ ನಿಲ್ಲುವುದಿಲ್ಲ. ಅನೇಕ ಬಣ್ಣದ ಲೇಸರ್ ಪ್ರಿಂಟರ್‌ಗಳು ಪ್ರತಿ ಹಾಳೆಯ ಮೇಲೂ ಬರಿಗಣ್ಣಿಗೆ ಕಾಣದ ಹಳದಿ ಚುಕ್ಕೆಗಳನ್ನು ಹಾಕುತ್ತವೆ. ಪ್ರಿಂಟರಿನ ಸಂಖ್ಯೆ, ದಿನ, ಹೊತ್ತು ಅದರಲ್ಲಿ ಅಡಗಿರುತ್ತದೆ. ಕಪ್ಪು-ಬಿಳುಪಿನ ಯಂತ್ರದಲ್ಲಿ ಈ ಚುಕ್ಕೆ ಇರುವುದಿಲ್ಲ. ಫೋನಿನ ಫೋಟೊದಲ್ಲಿ ಜಾಗ, ವೇಳೆ ಇರುತ್ತದೆ. ಪಿಡಿಎಫ್‌ನ ಗುಣಲಕ್ಷಣಗಳಲ್ಲಿ ಎಷ್ಟೋ ಸಲ ಕಂಪ್ಯೂಟರ್ ಒಡೆಯರ ಹೆಸರು ತಾನಾಗಿ ಕೂತಿರುತ್ತದೆ. ಇವನ್ನೆಲ್ಲ ತಪ್ಪಿಸಬಹುದು, ಇಲ್ಲವೇ ಅಳಿಸಬಹುದು. ಅಳಿಸಲಾಗದ್ದು ನಿಮ್ಮ ಬರವಣಿಗೆಯ ಶೈಲಿ, ಅದು ಇಂಗ್ಲಿಷ್ ಟೀಚರಿಗೆ ಮೊದಲ ಪ್ಯಾರಾದಲ್ಲೇ ಸಿಗುತ್ತದೆ. ಗೆಳೆಯರ ಬಾಯಿ ಇನ್ನೊಂದು.

ಆದ್ದರಿಂದ, ಬಯಲಾದರೆ ನಾಚಿಕೆಪಡಬೇಕಾದ್ದನ್ನು ಬರೆಯಲೇಬೇಡಿ. ಅನಾಮಿಕತೆ ನಿಮಗಿಂತ ಹೆಚ್ಚಾಗಿ ನಿಮಗೆ ಮಾಹಿತಿ ಕೊಟ್ಟವರಿಗೆ ಬೇಕು. ಅವರ ಹೆಸರು ಯಾವ ಡಾಕ್ಯುಮೆಂಟಿನಲ್ಲೂ, ಯಾವ ಚಾಟ್‌ನಲ್ಲೂ ಇರದಿರಲಿ.

ಪ್ರಶ್ನೆ: ಕಾಗದ ಯಾಕೆ? ಇನ್‌ಸ್ಟಾಗ್ರಾಂ ಪೇಜ್ ಸಾಲದೇ? (ವಿದ್ಯಾರ್ಥಿ, ಪೆನ್ಸಿಲ್ವೇನಿಯಾ)

ಉತ್ತರ: ಕಾನೂನಿನ ದೃಷ್ಟಿಯಿಂದ ಅದೂ ಸರಿಯೇ. ನಿಮ್ಮ ರಾಜ್ಯದ್ದೇ ಮಹನೋಯ್ ಮೊಕದ್ದಮೆಯಲ್ಲಿ, ಚಿಯರ್‌ಲೀಡಿಂಗ್ ಮೇಲ್ತಂಡಕ್ಕೆ ಆಯ್ಕೆಯಾಗದ ಹುಡುಗಿ ವಾರಾಂತ್ಯದಲ್ಲಿ ಶಾಲೆಯ ಹೊರಗಿನಿಂದ ಸ್ನ್ಯಾಪ್‌ಚಾಟ್‌ನಲ್ಲಿ ಬೈದು ಹಾಕಿದ್ದಕ್ಕೆ ಅವಳಿದ್ದ ಕೆಳತಂಡದಿಂದ ಒಂದು ವರ್ಷ ಕೈಬಿಟ್ಟಿದ್ದರು. 2021ರಲ್ಲಿ ಸುಪ್ರೀಂ ಕೋರ್ಟ್ 8–1ರಿಂದ ಹುಡುಗಿಯ ಪರ ತೀರ್ಪಿತ್ತಿತು. ಆದರೆ ಕಿರುಕುಳ, ಬೆದರಿಕೆ ಇದ್ದರೆ ಹೊರಗಿನ ಮಾತಿಗೂ ಶಾಲೆ ಕೈಹಾಕಬಹುದೆಂಬ ಬಾಗಿಲು ತೆರೆದೇ ಇದೆ. ಪೇಜ್‌ನ ದೊಡ್ಡ ತೊಂದರೆ ಕಮೆಂಟುಗಳು: ಬೇರೆಯವರು ಹಾಕಿದ ಕೊಳಕಿಗೆ ಬೈಗುಳ ನಿಮಗೆ. ಹತ್ತಾರು ದೂರು ಹೋದರೆ ಪೇಜೇ ಮಾಯ. ಹಂಚಿಯಾದ ಕಾಗದವನ್ನು ಯಾರೂ ಡಿಲೀಟ್ ಮಾಡಲಾರರು.

ಪ್ರಶ್ನೆ: ಮಗನನ್ನು ಆಫೀಸಿಗೆ ಕರೆಸಿದರೆ ಅವನು ಏನು ಮಾಡಬೇಕು? ನಾವೇನು ಮಾಡಬೇಕು? (ಓದುಗರು, ಇಲಿನಾಯ್)

ಉತ್ತರ: ಮಗನಿಗೆ ಮೂರೇ ಮಾತು ಹೇಳಿಕೊಡಿ. ಸುಳ್ಳು ಹೇಳಬೇಡ, ಪತ್ರಿಕೆಗಿಂತ ಸುಳ್ಳಿಗೇ ಹೆಚ್ಚು ಶಿಕ್ಷೆಯಾಗುತ್ತದೆ. "ಅಪ್ಪ ಅಮ್ಮ ಬಂದ ಮೇಲೆ ಮಾತಾಡುತ್ತೇನೆ" ಎಂದು ವಿನಯದಿಂದ ಹೇಳು. ಯಾವ ಕಾಗದಕ್ಕೂ ಅಲ್ಲೇ ಸಹಿ ಹಾಕಬೇಡ. ಫೋನ್ ಅನ್‌ಲಾಕ್ ಮಾಡಿಕೊಡು ಎಂದರೆ ಒಪ್ಪಿಗೆಯಿಲ್ಲ ಎಂದು ಮೆತ್ತಗೆ ಹೇಳಬಹುದು, ಕೈಯಿಂದ ತೆಗೆದುಕೊಂಡರೆ ಎಳೆದಾಡಬಾರದು. ಆಮೇಲೆ ಏನನ್ನೂ ಅಳಿಸಬಾರದು.

ಸಸ್ಪೆಂಡ್ ಮಾಡುವುದಕ್ಕೂ ಕ್ರಮವಿದೆ. 1975ರ ಗಾಸ್ ತೀರ್ಪಿನ ಪ್ರಕಾರ 10 ದಿನದವರೆಗಿನ ಅಮಾನತಿಗೂ ಆರೋಪ ಏನೆಂದು ತಿಳಿಸಬೇಕು, ಒಪ್ಪದಿದ್ದರೆ ಆಧಾರ ಹೇಳಬೇಕು, ವಿದ್ಯಾರ್ಥಿಯ ಮಾತು ಕೇಳಬೇಕು. ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಇನ್ನೂ ವಿಸ್ತಾರವಾದ ವಿಚಾರಣೆ ಬೇಕಾಗಬಹುದು. ನೀವು ಅದೇ ದಿನ ಸಂಜೆ ಒಂದು ಇಮೇಲ್ ಕಳಿಸಿ: ನಡವಳಿಕೆ ನಿಯಮಾವಳಿಯ ಯಾವ ಕಲಮು, ಪತ್ರಿಕೆಯ ಯಾವ ವಾಕ್ಯ, ಯಾವ ತರಗತಿಗೆ ಎಷ್ಟು ಹೊತ್ತು ಏನು ಅಡ್ಡಿಯಾಯಿತು, ಮೇಲ್ಮನವಿಗೆ ಎಷ್ಟು ದಿನ. ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಟಿಂಕರ್ ತೀರ್ಪು ಶಾಲೆಯಿಂದ ಕೇಳುವುದು ಅದನ್ನೇ. ಉತ್ತರವಾಗಿ "ವಾತಾವರಣ ಕೆಟ್ಟಿತು" ಎಂದಷ್ಟೇ ಬಂದರೆ ಅವರ ಬಳಿ ಹೇಳಲು ಹೆಚ್ಚೇನಿಲ್ಲ ಎಂದರ್ಥ. ಯಾರು, ಯಾವ ಹೊತ್ತಿಗೆ, ಏನಂದರು ಎಂದು ಮಗನಿಂದ ಅಂದೇ ಬರೆಸಿಟ್ಟುಕೊಳ್ಳಿ. ವಿದ್ಯಾರ್ಥಿ ಪತ್ರಕರ್ತರಿಗಾಗಿಯೇ 1974ರಲ್ಲಿ ಶುರುವಾದ ಸ್ಟೂಡೆಂಟ್ ಪ್ರೆಸ್ ಲಾ ಸೆಂಟರ್ ಪುಕ್ಕಟೆ ಕಾನೂನು ಸಲಹೆ ಕೊಡುತ್ತದೆ. ಮೇಲ್ಮನವಿಯ ಗಡುವು ಮೀರುವ ಮೊದಲೇ ಅವರಿಗೆ ಬರೆಯಿರಿ.

ಪ್ರಶ್ನೆ: ನಾವು ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದೇವೆ, ಮಗಳು ಅವಲಂಬಿತರ ಎಚ್-4 ವೀಸಾದಲ್ಲಿ. ಅವಳ ಪತ್ರಿಕೆಯಿಂದ ನಮ್ಮ ವೀಸಾಕ್ಕೆ ತೊಂದರೆಯಾದೀತೇ ಎಂಬ ಭಯ. (ಓದುಗರು, ಜಾರ್ಜಿಯಾ)

ಉತ್ತರ: ನಿಮ್ಮ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ದೇಶದೊಳಗಿರುವ ಪರದೇಶದವರಿಗೂ ವಾಕ್‌ಸ್ವಾತಂತ್ರ್ಯ ಇದೆಯೆಂದು ಸುಪ್ರೀಂ ಕೋರ್ಟ್ 1945ರಲ್ಲೇ ಹೇಳಿದೆ. ಕೌನ್ಸೆಲರ್ ಕೊರತೆ, ಊಟದ ಗುಣಮಟ್ಟ, ವಸ್ತ್ರಸಂಹಿತೆ ಕುರಿತು ಬರೆದ ಕಾರಣಕ್ಕೆ ಶಾಲೆ ಸಸ್ಪೆಂಡ್ ಮಾಡಿದರೂ ಅದು ಶಾಲೆಯ ಶಿಸ್ತುಕ್ರಮ, ಅಪರಾಧವಲ್ಲ. ಆದರೆ 2025ರ ಮಾರ್ಚಿನಲ್ಲಿ ಮ್ಯಾಸಚೂಸೆಟ್ಸ್‌ನ ಟಫ್ಟ್ಸ್ ವಿಶ್ವವಿದ್ಯಾಲಯದ ಟರ್ಕಿ ದೇಶದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ವೀಸಾ ರದ್ದುಮಾಡಿ ಬಂಧಿಸಿದರು. ಹಿಂದಿನ ವರ್ಷ ಅವರು ವಿದ್ಯಾರ್ಥಿ ಪತ್ರಿಕೆಯಲ್ಲಿ ಇತರರೊಡನೆ ಸೇರಿ ಗಾಜಾ ಕುರಿತ ಲೇಖನ ಬರೆದಿದ್ದರು. ಮೇ ತಿಂಗಳಲ್ಲಿ ನ್ಯಾಯಾಧೀಶರ ಆದೇಶದಿಂದ ಬಿಡುಗಡೆಯಾದರು. ಹೀಗಾಗಿ ವಿದೇಶಾಂಗ ವಿಚಾರದ ಬರಹಕ್ಕೆ ಹೆಸರು ಹಾಕುವ ಮೊದಲು ವಲಸೆ ವಕೀಲರೊಬ್ಬರನ್ನು ಕೇಳಿ. ಇಂಥ ಹೊತ್ತಿನಲ್ಲಿ ಪೌರತ್ವವಿರುವ ಸಹಪಾಠಿಗಳು ಸಂಪಾದಕರ ಜಾಗದಲ್ಲಿ ನಿಂತು, ನಿಮ್ಮ ಮಗಳು ಸ್ಥಳೀಯ ವಿಷಯಗಳನ್ನು ನೋಡಿಕೊಳ್ಳಬಹುದು. ಪೊಲೀಸ್ ಕೇಸಿಗೆ ಎಡೆಮಾಡುವ ಯಾವುದೂ ಬೇಡ: ಅನುಮತಿಯಿಲ್ಲದ ಕಟ್ಟಡಕ್ಕೆ ನುಗ್ಗುವುದು, ಪ್ರತಿ ಕಿತ್ತುಕೊಂಡವರ ಜೊತೆ ತಳ್ಳಾಟ. ಬಂಧನದ ದಾಖಲೆಯೊಂದು ವೀಸಾ ಅರ್ಜಿಯಲ್ಲಿ ವರ್ಷಗಟ್ಟಲೆ ಹಿಂಬಾಲಿಸುತ್ತದೆ.

ಪ್ರಶ್ನೆ: ನಮಗೆ ಬೆಂಬಲವಾಗಿರುವ ಒಬ್ಬ ಟೀಚರ್ ಇದ್ದಾರೆ. ಕರಡು ಅವರಿಗೆ ತೋರಿಸಬಹುದೇ? (ವಿದ್ಯಾರ್ಥಿನಿ, ಮಿಸೌರಿ)

ಉತ್ತರ: ಬೇಡ. ಅವರು ನೋಡಿದ್ದು ತಿಳಿದರೆ ಪತ್ರಿಕೆಗೆ ಶಾಲೆಯ ಸಂಬಂಧವಿದೆ ಎಂಬ ವಾದ ಏಳುತ್ತದೆ. ಜೊತೆಗೆ ಅವರ ಕೆಲಸಕ್ಕೇ ಕುತ್ತು: ಸರಕಾರಿ ನೌಕರರು ಕರ್ತವ್ಯದ ಭಾಗವಾಗಿ ಆಡುವ ಮಾತಿಗೆ ಮೊದಲ ತಿದ್ದುಪಡಿಯ ರಕ್ಷಣೆ ಇಲ್ಲವೆಂದು 2006ರ ಗಾರ್ಸೆಟಿ ತೀರ್ಪು ಹೇಳಿದೆ. ನಿಮಗಿರುವ ಕಾಪು ಅವರಿಗಿಲ್ಲ. ವರದಿ ಬರೆಯುವ ವಿಧಾನ, ಸಾರ್ವಜನಿಕ ದಾಖಲೆ ಕೇಳುವ ಬಗೆ ಮುಂತಾದ್ದನ್ನು ತರಗತಿಯಲ್ಲಿ ಎಲ್ಲರೆದುರು ಕೇಳಿ, ಅವರು ಸಂತೋಷದಿಂದ ಹೇಳಿಕೊಡುತ್ತಾರೆ. ಕರಡು ಓದಲು ಶಾಲೆಯ ಜೊತೆ ಸಂಬಂಧವಿಲ್ಲದ ಹಿರಿಯರೊಬ್ಬರನ್ನು ಹುಡುಕಿ. ಊರಿನ ಪತ್ರಿಕೆಯಿಂದ ನಿವೃತ್ತರಾದ ವರದಿಗಾರರು ಸಿಕ್ಕರೆ ಅದಕ್ಕಿಂತ ಬೇರೆ ಬೇಕಿಲ್ಲ.